ಲ್ಯಾನ್ಸಲಿನ್‌ನ ಓಷನ್ ಕ್ಲಾಸಿಕ್ ಹುಟ್ಟಿದ್ದು ಹೇಗೆ? ಗದಗ ಸೀಮೆಯಿಂದ ಒಂದು ಉತ್ತರ

ನೀವು ಕೇಳಿದ್ದು ಇಷ್ಟು: "ಪಶ್ಚಿಮ ಆಸ್ಟ್ರೇಲಿಯಾದ ಲ್ಯಾನ್ಸಲಿನ್‌ನಲ್ಲಿ ಪ್ರತಿ ವರ್ಷ ವಿಂಡ್‌ಸರ್ಫಿಂಗ್, ಕೈಟ್‌ಸರ್ಫಿಂಗ್ ಪಂದ್ಯ ನಡೆಯುತ್ತದಂತೆ. ಅದರ ಇತಿಹಾಸ ಏನು? ಅಂಥ ಸಣ್ಣ ಊರಲ್ಲೇ ಏಕೆ? ನಮ್ಮ ಕಡೆಯೂ ಗಾಳಿ ಇದೆಯಲ್ಲ, ಇಲ್ಲಿ ಏಕಿಲ್ಲ?" ಆ ಪಂದ್ಯದ ಹೆಸರೇ ಓಷನ್ ಕ್ಲಾಸಿಕ್. ಹಲಗೆಗೆ ಹಾಯಿ ಕಟ್ಟಿ ನೀರಿನ ಮೇಲೆ ಓಡೋದು ವಿಂಡ್‌ಸರ್ಫಿಂಗ್, ದೊಡ್ಡ ಗಾಳಿಪಟದಿಂದ ಎಳೆಸಿಕೊಂಡು ಓಡೋದು ಕೈಟ್‌ಸರ್ಫಿಂಗ್. ನಾನು ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. ಆ ಊರು ಏಕೆ ಅನ್ನೋದು ತಿಳಿದರೆ ಇತಿಹಾಸದ ಮುಕ್ಕಾಲು ಪಾಲು ತಿಳಿದಂತೆ.

ನಾನು ಮುಂಡರಗಿ ತಾಲ್ಲೂಕಿನವನು. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳ ರಿಪೇರಿ ಕೆಲಸದಲ್ಲಿ ಹದಿನಾಲ್ಕು ವರ್ಷ ಕಳೆದಿದ್ದೇನೆ. ನಮ್ಮ ಮಂದಿ ಅವಕ್ಕೆ ಸುಮ್ಮನೆ 'ಫ್ಯಾನ್' ಅಂತಾರೆ. ಗಾಳಿ ಯಾವಾಗ ಬರುತ್ತೆ, ಯಾವ ದಿಕ್ಕಿಂದ, ಎಷ್ಟು ಹೊತ್ತು ಅನ್ನೋದೇ ನನ್ನ ಕಸುಬು. ನಮ್ಮಕ್ಕ, ಮಾಮಾ ಪರ್ತ್‌ನಲ್ಲಿದ್ದಾರೆ. ಒಂದು ಜನವರಿಯಲ್ಲಿ ಅವರ ಮನೆಗೆ ಹೋದಾಗ ಮಾಮಾ ನನ್ನನ್ನು ಲ್ಯಾನ್ಸಲಿನ್‌ಗೆ ಕರೆದುಕೊಂಡು ಹೋದರು. "ನೀ ಗಾಳಿ ಮನಷ್ಯಾ ಅದಿ, ಇದನ್ನ ನೋಡಲೇಬೇಕು" ಅಂತ. ಅಂದಿನಿಂದ ಈ ಪಂದ್ಯದ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಮೊದಲು ಗಾಳಿ. ಪರ್ತ್ ಕರಾವಳಿಯಲ್ಲಿ ಬೇಸಿಗೆಯ ಮಧ್ಯಾಹ್ನ ಏಳುವ ಸಮುದ್ರದ ಗಾಳಿಗೆ 'ಫ್ರೀಮ್ಯಾಂಟಲ್ ಡಾಕ್ಟರ್' ಅಂತ ಹೆಸರು. ಬೆಳಗ್ಗೆಯಿಂದ ಪೂರ್ವದ ಮರುಭೂಮಿ ಕಡೆಯಿಂದ ಬಿಸಿ ಗಾಳಿ ಬೀಸಿ ಜೀವ ಹಣ್ಣಾಗಿರುತ್ತೆ. ಮಧ್ಯಾಹ್ನದ ಹೊತ್ತಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತೆ, ಆ ಜಾಗ ತುಂಬಲು ಸಮುದ್ರದ ತಂಪು ಗಾಳಿ ಒಳಗೆ ನುಗ್ಗುತ್ತೆ. ಬಳಲಿದವರಿಗೆ ಡಾಕ್ಟರ್ ಬಂದ ಹಾಗೆ. ಕ್ರಿಕೆಟ್ ನೋಡುವವರಿಗೆ ಈ ಹೆಸರು ಹೊಸದಲ್ಲ. ಪರ್ತ್‌ನ ವಾಕಾ ಮೈದಾನದಲ್ಲಿ ಟೆಸ್ಟ್ ನಡೆದಾಗಲೆಲ್ಲ ಕಾಮೆಂಟರಿಯಲ್ಲಿ ಡಾಕ್ಟರ್ ಬಂದೇ ಬರುತ್ತಿದ್ದ. 2008ರ ಜನವರಿಯಲ್ಲಿ ನಮ್ಮ ಅನಿಲ್ ಕುಂಬ್ಳೆ ಅದೇ ವಾಕಾದಲ್ಲಿ 600ನೇ ಟೆಸ್ಟ್ ವಿಕೆಟ್ ತೆಗೆದರು, ಅವರ ನಾಯಕತ್ವದಲ್ಲಿ ಭಾರತ 72 ರನ್ನುಗಳಿಂದ ಗೆದ್ದಿತು. ಲ್ಯಾನ್ಸಲಿನ್ ಪಂದ್ಯ ನಡೆಯೋದೂ ಜನವರಿಯಲ್ಲೇ. ಅಲ್ಲಿ ಅದು ನಡು ಬೇಸಿಗೆ, ಡಾಕ್ಟರ್ ತುಂಬ ಪ್ರಾಯದಲ್ಲಿರುವ ಕಾಲ.

ಭೂಮಿ ತಿರುಗುವುದರಿಂದ ದಕ್ಷಿಣ ಗೋಳಾರ್ಧದಲ್ಲಿ ಗಾಳಿ ಎಡಕ್ಕೆ ವಾಲುತ್ತದೆ. ಅದಕ್ಕೇ ಈ ಗಾಳಿ ಪಶ್ಚಿಮದಿಂದ ನೇರವಾಗಿ ದಡಕ್ಕೆ ಬಡಿಯದೆ ನೈಋತ್ಯದಿಂದ, ಹೊತ್ತೇರಿದಂತೆ ಇನ್ನೂ ದಕ್ಷಿಣಕ್ಕೆ ತಿರುಗಿ, ದಡದ ಗುಂಟ ಬೀಸುತ್ತೆ. ಹಾಯಿ ಹಿಡಿದವನಿಗೆ ಇದಕ್ಕಿಂತ ಭಾಗ್ಯ ಬೇರೆ ಇಲ್ಲ. ಗಾಳಿ ನೇರ ದಡಕ್ಕೆ ಬೀಸಿದರೆ ನೀರಿಗೆ ಇಳಿಯೋದೇ ಕಷ್ಟ. ದಡದಿಂದ ಸಮುದ್ರದ ಕಡೆ ಬೀಸಿದರೆ ವಾಪಸ್ ಬರೋದು ಕಷ್ಟ. ಬದಿಯಿಂದ ಬೀಸಿದರೆ ಹೋಗಿ ಬರೋದು ಎರಡೂ ಸಲೀಸು. ಪರ್ತ್‌ನಿಂದ ಉತ್ತರಕ್ಕೆ ಸುಮಾರು 130 ಕಿ.ಮೀ. ಹೋದರೆ ಲ್ಯಾನ್ಸಲಿನ್. ಮೀನುಗಾರರ ಊರು. ಬೆನ್ನಿಗೆ ಬಿಳಿ ಮರಳಿನ ದಿಬ್ಬಗಳು, ಎದುರಿಗೆ ನೀರಿನಲ್ಲಿ ಸುಣ್ಣಕಲ್ಲಿನ ಬಂಡೆಸಾಲು. ಹಿಂದೂ ಮಹಾಸಾಗರದ ಅಲೆ ಆ ಬಂಡೆಸಾಲಿಗೆ ಒಡೆದು, ಒಳಗಿನ ನೀರು ಕೆರೆಯ ಹಾಗೆ ಶಾಂತವಾಗಿರುತ್ತೆ. ಹೊರಗೆ ಅಲೆ, ಒಳಗೆ ಸಪಾಟು ನೀರು, ಮೇಲೆ ದಿನಾ ಮಧ್ಯಾಹ್ನ ತಪ್ಪದ ಗಾಳಿ. ಅಲ್ಲಿಂದ ಸ್ವಲ್ಪ ದಕ್ಷಿಣಕ್ಕೆ ಲೆಡ್ಜ್ ಪಾಯಿಂಟ್ ಅನ್ನೋ ಇನ್ನೊಂದು ಸಣ್ಣ ಊರು. ಆ ಊರಿಂದ ಈ ಊರಿಗೆ ಗಾಳಿಯ ಜೊತೆ ಓಡುವ ಮ್ಯಾರಥಾನೇ ಓಷನ್ ಕ್ಲಾಸಿಕ್‌ನ ಜೀವಾಳ. ಮಿಕ್ಕ ದಿನಗಳಲ್ಲಿ ಅಲೆ ಸವಾರಿ, ಗುರುತುಗಳನ್ನು ಸುತ್ತಿ ಸುತ್ತಿ ಓಡುವ ಸ್ಲಾಲಮ್ ಅಂತ ಬೇರೆ ಸ್ಪರ್ಧೆಗಳೂ ಇರುತ್ತವೆ. ಆದರೆ ಜನರ ಬಾಯಲ್ಲಿ ಉಳಿಯೋದು ಮ್ಯಾರಥಾನ್.

ಪಂದ್ಯ ಶುರುವಾದದ್ದು 1986ರಲ್ಲಿ. ಆ ವರ್ಷವೇ ಏಕೆ ಅನ್ನೋದು ನನಗೆ ಬಹಳ ಇಷ್ಟದ ವಿಷಯ.

ಹಲಗೆಗೆ ಹಾಯಿ ಕಟ್ಟಿದವರು ಹಲವರು. ಇಂಗ್ಲೆಂಡಿನಲ್ಲಿ ಪೀಟರ್ ಚಿಲ್ವರ್ಸ್ 1958ರಲ್ಲಿ, 12 ವರ್ಷದ ಹುಡುಗನಾಗಿದ್ದಾಗಲೇ ಒಂದು ಮಾಡಿಕೊಂಡಿದ್ದ. ಅಮೆರಿಕದ ನ್ಯೂಮನ್ ಡಾರ್ಬಿ 1964ರಲ್ಲಿ ಇನ್ನೊಂದು ಮಾಡಿದರು. ಆದರೆ ಪೇಟೆಂಟ್ ಪಡೆದು ಜಗತ್ತಿಗೆ ಹರಡಿದ್ದು ಕ್ಯಾಲಿಫೋರ್ನಿಯಾದ ವಿಮಾನ ಎಂಜಿನಿಯರ್ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಜರ್. ಇವರು 1968ರಲ್ಲಿ ಅರ್ಜಿ ಹಾಕಿದರು. ಗುಟ್ಟು ಇರೋದು ಕಂಬದ ಬುಡದಲ್ಲಿ. ಲಾರಿಯ ಪ್ರೊಪೆಲರ್ ಶಾಫ್ಟ್‌ನಲ್ಲಿ ಕ್ರಾಸ್ ಇರುತ್ತಲ್ಲ, ಅಂಥದೇ ಎಲ್ಲ ಕಡೆ ಬಾಗುವ ಕೀಲು. ಚುಕ್ಕಾಣಿ ಇಲ್ಲ. ಹಾಯಿಯನ್ನು ಮುಂದಕ್ಕೆ ವಾಲಿಸಿದರೆ ಹಲಗೆ ಗಾಳಿಯಿಂದ ಆಚೆ ತಿರುಗುತ್ತೆ, ಹಿಂದಕ್ಕೆ ವಾಲಿಸಿದರೆ ಗಾಳಿಯ ಕಡೆ ತಿರುಗುತ್ತೆ. ಮನುಷ್ಯನ ಮೈಯೇ ಚುಕ್ಕಾಣಿ, ಮೈಯೇ ಹಗ್ಗ.

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ವಿಂಡ್‌ಸರ್ಫಿಂಗ್ ಬಂತು. ನೆದರ್ಲೆಂಡ್ಸ್‌ನ ಸ್ಟೀಫನ್ ವಾನ್ ಡೆನ್ ಬರ್ಗ್ ಮೊದಲ ಚಿನ್ನ ಗೆದ್ದರು. 1985ರಲ್ಲಿ ಇಂಗ್ಲೆಂಡಿನ ಕೋರ್ಟು, ಚಿಲ್ವರ್ಸ್ ಹುಡುಗನಾಗಿದ್ದಾಗ ಮಾಡಿದ ಹಲಗೆಯನ್ನೇ ಸಾಕ್ಷಿಯಾಗಿ ಒಪ್ಪಿ ಅಲ್ಲಿನ ಪೇಟೆಂಟ್ ಅನ್ನು ತಳ್ಳಿಹಾಕಿತು. ಇನ್ನು ಪರ್ತ್ ಕಡೆಗೆ ಬಂದರೆ, 1983ರಲ್ಲಿ 'ಆಸ್ಟ್ರೇಲಿಯಾ 2' ಅನ್ನೋ ಹಾಯಿದೋಣಿ ಅಮೆರಿಕದವರ ಕೈಯಲ್ಲಿ 132 ವರ್ಷ ಇದ್ದ ಅಮೆರಿಕಾಸ್ ಕಪ್ ಅನ್ನು ಕಿತ್ತುಕೊಂಡು ಬಂದಿತ್ತು. ಗೆದ್ದ ದೋಣಿ ಪರ್ತ್‌ನ ಕ್ಲಬ್ಬಿನದು. ಹಾಗಾಗಿ ಮುಂದಿನ ಸರಣಿ 1986ರ ಕೊನೆಯಿಂದ 1987ರ ಆರಂಭದವರೆಗೆ ಫ್ರೀಮ್ಯಾಂಟಲ್‌ನಲ್ಲೇ ನಡೆಯಿತು. ಇಡೀ ಸೀಮೆಗೆ ಹಾಯಿಯ ಹುಚ್ಚು ಹತ್ತಿದ್ದ ದಿನಗಳವು. ದೊಡ್ಡ ದೋಣಿಯವರಿಗೆ ಕೋಟಿಗಟ್ಟಲೆ ದುಡ್ಡು ಬೇಕು. ಒಂದು ಹಲಗೆ, ಒಂದು ಹಾಯಿ ಇದ್ದವನಿಗೆ ಲೆಡ್ಜ್ ಪಾಯಿಂಟ್‌ಗೆ ಹೋಗಲು ಕಾರಿನ ಪೆಟ್ರೋಲ್ ಖರ್ಚು ಸಾಕು. ಈ ಪಂದ್ಯ ಅಂಥ ಹೊತ್ತಲ್ಲಿ ಬೇರು ಬಿಟ್ಟಿತು ಅನ್ನೋದು ನನಗೆ ಬರೀ ಕಾಕತಾಳೀಯ ಅನ್ನಿಸೋದಿಲ್ಲ.

ಆಗ ಪಂದ್ಯದಲ್ಲಿ ಕೈಟ್ ಇರಲಿಲ್ಲ. ಗಾಳಿಪಟಕ್ಕೆ ಮನುಷ್ಯನನ್ನು ನೀರಿನ ಮೇಲೆ ಎಳೆಸೋದು ಹೇಳಿದಷ್ಟು ಸುಲಭವಲ್ಲ. ಕಾರಹುಣ್ಣಿಮೆಗೆ ಪಟ ಹಾರಿಸಿದವರಿಗೆ ಇದು ಗೊತ್ತು. ಕಸಬರಿಗೆ ಕಡ್ಡಿಯ ಪಟ ಕೆರೆಗೆ ಬಿದ್ದರೆ ಮುಗೀತು, ಮತ್ತೆ ಏಳೋದಿಲ್ಲ. ಫ್ರಾನ್ಸಿನ ಬ್ರುನೋ ಮತ್ತು ಡೊಮಿನಿಕ್ ಲೆಗೇನ್ಯೂ ಅನ್ನೋ ಅಣ್ಣತಮ್ಮಂದಿರು ಬಿಡಿಸಿದ ಗಂಟು ಇದೇ. ಪಟದ ಮುಂದಿನ ಅಂಚಿಗೆ ಗಾಳಿ ತುಂಬಿದ ಕೊಳವೆ ಕೂಡಿಸಿದರು. ನೀರಿಗೆ ಬಿದ್ದರೂ ತೇಲುತ್ತೆ, ದಾರ ಎಳೆದರೆ ಮತ್ತೆ ಮೇಲೇಳುತ್ತೆ. 1984ರ ನವೆಂಬರ್‌ನಲ್ಲೇ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದ್ದರು. ಕೊಳ್ಳುವವರು ಸಿಗಲು ಹತ್ತು ವರ್ಷಕ್ಕಿಂತ ಹೆಚ್ಚು ಬೇಕಾಯ್ತು. 1997ರ ಹೊತ್ತಿಗೆ ಅವರ 'ವಿಪಿಕಾ' ಪಟ ಮಾರಾಟಕ್ಕೆ ಬಂದ ಮೇಲೆ ಆಟ ಹಬ್ಬಿತು. ಆ ಕಾಲದ ಪಟಗಳು ಅಪಾಯದವು. ಗಾಳಿ ಒಮ್ಮೆಲೇ ಜೋರಾದರೆ ಎಳೆತ ಕಡಿಮೆ ಮಾಡುವ ದಾರಿ ಹೆಚ್ಚು ಇರಲಿಲ್ಲ, ಸವಾರ ಪಟ ಹೋದಲ್ಲಿಗೆ ಹೋಗಬೇಕು. 2005ರ ಸುಮಾರಿಗೆ 'ಬೋ ಕೈಟ್' ಬಂತು, ಅದೂ ಬ್ರುನೋನದೇ ವಿನ್ಯಾಸ. ಕೈಯಲ್ಲಿರುವ ಕೋಲನ್ನು ಸ್ವಲ್ಪ ಆಚೆ ತಳ್ಳಿದರೆ ಪಟ ಗಾಳಿಗೆ ಕೊಟ್ಟ ಕೋನ ಬದಲಾಗಿ ಎಳೆತ ಹೆಚ್ಚೂಕಡಿಮೆ ಸತ್ತೇಹೋಗುತ್ತೆ. ಫ್ಯಾನ್ ಕೆಲಸದವನಿಗೆ ಇದು ಬಹಳ ಪರಿಚಿತ. ಗಾಳಿ ಹೆಚ್ಚಾದಾಗ ನಮ್ಮ ಯಂತ್ರವೂ ರೆಕ್ಕೆಯ ಕೋನ ತಿರುಗಿಸಿಯೇ ಭಾರ ಇಳಿಸಿಕೊಳ್ಳುತ್ತೆ.

ಹೀಗೆ ಹಾಯಿಯವರ ಪಂದ್ಯಕ್ಕೆ ಮುಂದೆ ಪಟದವರೂ ಸೇರಿಕೊಂಡರು. ಲ್ಯಾನ್ಸಲಿನ್‌ನಲ್ಲಿ ನಾನು ಕಂಡದ್ದು ಒಂದೇ ಮರಳಿನ ಮೇಲೆ ಇಬ್ಬರೂ ಪಕ್ಕಪಕ್ಕ ಸಾಮಾನು ಬಿಚ್ಚೋದನ್ನು. ಮೇಲಿನ ಹಂತದಲ್ಲಿ ಇಷ್ಟು ಸೌಹಾರ್ದ ಇರಲಿಲ್ಲ. 2012ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಹಾಯಿ ಸಂಸ್ಥೆ 2016ರ ಒಲಿಂಪಿಕ್ಸ್‌ನಿಂದ ವಿಂಡ್‌ಸರ್ಫಿಂಗ್ ತೆಗೆದು ಕೈಟ್ ತರಲು 19-17 ಮತಗಳಿಂದ ತೀರ್ಮಾನ ಮಾಡಿತು. ಎರಡೇ ಮತದ ಅಂತರದಲ್ಲಿ ಒಂದು ಆಟ ಹೊರಗೆ! ಅದೇ ನವೆಂಬರ್‌ನಲ್ಲಿ ತೀರ್ಮಾನ ತಿರುಗಿತು, ವಿಂಡ್‌ಸರ್ಫಿಂಗ್ ಉಳಿಯಿತು. ಎರಡೂ ಒಟ್ಟಿಗೆ ಒಲಿಂಪಿಕ್ಸ್‌ನಲ್ಲಿ ಕಂಡದ್ದು 2024ರಲ್ಲಿ. ಪ್ಯಾರಿಸ್ ಕೂಟದ ಹಾಯಿ ಸ್ಪರ್ಧೆಗಳು ಮಾರ್ಸೇಲ್‌ನಲ್ಲಿ ನಡೆದವು, ಸಿಂಗಪುರದ 17 ವರ್ಷದ ಮ್ಯಾಕ್ಸ್ ಮೇಡರ್ ಕೈಟ್‌ನಲ್ಲಿ ಕಂಚು ಗೆದ್ದ. ಒಂದನ್ನು ತಳ್ಳಿ ಇನ್ನೊಂದನ್ನು ತರಬೇಕಿಲ್ಲ ಅನ್ನೋದನ್ನು ಸಣ್ಣ ಊರುಗಳ ಪಂದ್ಯಗಳು ಅದಕ್ಕೂ ಮೊದಲೇ ತೋರಿಸಿದ್ದವು.

ಈಗ ನಾನು ನೋಡಿದ ದಿನ. ಬೆಳಗ್ಗೆ ಹತ್ತಕ್ಕೇ ಮುಟ್ಟಿದೆವು. ಬೆನ್ನ ಮೇಲೆ ಬಿಸಿ ಗಾಳಿ, ಸಮುದ್ರ ಸಪಾಟು. ಹನ್ನೆರಡಕ್ಕೆ ಅದೂ ನಿಂತಿತು. ಬಾವುಟಗಳು ಕಂಬಕ್ಕೆ ಅಂಟಿಕೊಂಡವು. ನಾನು ಮಾಮಾನ ಮುಖ ನೋಡಿದೆ. ಪಕ್ಕದಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜ ಮರಳಲ್ಲಿ ಕೂತು ಹಾಯಿ ಜೋಡಿಸುತ್ತಿದ್ದ. ಕಾರ್ಬನ್ ಕಂಬವನ್ನು ಹಾಯಿಯ ಚೀಲದೊಳಗೆ ತೂರಿಸಿ, ಬುಡದ ಹಗ್ಗಕ್ಕೆ ಪಾದ ಕೊಟ್ಟು ಜಗ್ಗಿದಾಗ ಕಂಬ ಬಿಲ್ಲಿನ ಹಾಗೆ ಬಾಗಿತು, ಹಾಯಿಯ ಮೇಲ್ಭಾಗ ಸಡಿಲವಾಗಿ ಸುಕ್ಕುಗಟ್ಟಿತು. ಆ ಸಡಿಲ ಬೇಕಂತಲೇ ಬಿಟ್ಟದ್ದು. ಗಾಳಿ ಜೋರಾದಾಗ ತುದಿ ಬಿಚ್ಚಿಕೊಂಡು ಹೆಚ್ಚಿನ ಗಾಳಿಯನ್ನು ಹೊರಗೆ ಬಿಡುತ್ತೆ. ಅಜ್ಜನ ಅಂಗೈ ಪೂರ್ತಿ ಗಟ್ಟಿ ಚರ್ಮ, ನಮ್ಮೂರ ಹಗ್ಗ ಹೊಸೆಯುವವರ ಕೈ ಇದ್ದ ಹಾಗೆ. ಹಾಯಿಗೆ ಹಾಕಿದ್ದು ಐದು ಚದರ ಮೀಟರಿನ ಬಟ್ಟೆ. "ಇಷ್ಟೇ ಸಾಕಾ, ಗಾಳಿನೇ ಇಲ್ಲವಲ್ಲ?" ಅಂತ ಮಾಮಾನ ಕಡೆಯಿಂದ ಕೇಳಿಸಿದೆ. ಅಜ್ಜ ತಲೆ ಎತ್ತದೆ ದಕ್ಷಿಣದ ಕಡೆ ಬೆರಳು ತೋರಿಸಿದ. ದೂರದಲ್ಲಿ ನೀರಿನ ಬಣ್ಣ ಬದಲಾಗಿತ್ತು. ತಿಳಿ ನೀಲಿಯ ಮೇಲೆ ಒಂದು ಕಪ್ಪು ಗೆರೆ, ಅದು ನಮ್ಮ ಕಡೆ ಬರುತ್ತಿತ್ತು.

ಒಂದು ಗಂಟೆಯ ನಂತರ ಆ ಗೆರೆ ದಡ ಮುಟ್ಟಿತು. ಕಾಲು ಗಂಟೆಯಲ್ಲಿ ಮರಳು ಕಣಕಾಲಿಗೆ ಚುಚ್ಚತೊಡಗಿತು. ನನ್ನ ಅಂದಾಜಿಗೆ ಸೆಕೆಂಡಿಗೆ ಹತ್ತು ಮೀಟರ್, ಅಂದರೆ ಅವರ ಲೆಕ್ಕದಲ್ಲಿ ಇಪ್ಪತ್ತು ನಾಟ್. ಆಷಾಢದಲ್ಲಿ ಕಪ್ಪತಗುಡ್ಡದ ನೆತ್ತಿಯ ಮೇಲೆ ಇರುವಂಥ ಗಾಳಿ. ಆದರೆ ಎಷ್ಟು ಹದ! ನಮ್ಮ ಗುಡ್ಡದ ಗಾಳಿ ಒದ್ದು ಒದ್ದು ಬರುತ್ತೆ, ಇದು ಯಾರೋ ನಲ್ಲಿ ತಿರುಗಿಸಿಟ್ಟ ಹಾಗೆ ಒಂದೇ ಸಮ. ಹಾಯಿಗಳು ದಡದ ಗುಂಟ ಬಂದಾಗ ಹಲಗೆಗಳು ನೀರನ್ನು ಸೀಳುತ್ತಿರಲಿಲ್ಲ, ಮೇಲೇರಿ ಬರೀ ಹಿಂಭಾಗ ತಾಗಿಸಿಕೊಂಡು ಜಾರುತ್ತಿದ್ದವು. ಪಟದವರು ಪಟವನ್ನು ಆಕಾಶದಲ್ಲಿ ಮೇಲೆ ಕೆಳಗೆ ಆಡಿಸಿ ಎಳೆತ ಹೆಚ್ಚಿಸಿಕೊಳ್ಳುತ್ತಿದ್ದರು. ಗಾಳಿಗೆ ಅಡ್ಡ ಓಡಿದಷ್ಟೂ ಪಟಕ್ಕೆ ಸಿಗುವ ಬಲ ಹೆಚ್ಚು. ಫ್ಯಾನಿನ ರೆಕ್ಕೆಯ ತುದಿ ಮಾಡೋದೂ ಅದನ್ನೇ, ಅದಕ್ಕೇ ರೆಕ್ಕೆಯ ಹೊರಭಾಗವೇ ಹೆಚ್ಚು ಕರೆಂಟು ಹುಟ್ಟಿಸೋದು. ಹದಿನಾಲ್ಕು ವರ್ಷ ಕಬ್ಬಿಣದ ಗೋಪುರದ ಒಳಗೆ ಏಣಿ ಹತ್ತಿ ಅರ್ಥ ಮಾಡಿಕೊಂಡದ್ದನ್ನು ಅಂದು ಬಣ್ಣಬಣ್ಣದ ಬಟ್ಟೆಯಲ್ಲಿ ಕಣ್ಣಾರೆ ಕಂಡೆ. ಕಣ್ಣಲ್ಲಿ ನೀರು ಬಂತು. ಮರಳಿನಿಂದಲ್ಲ.

ನಮ್ಮ ಕಡೆ ಏಕಿಲ್ಲ ಅಂದರೆ, ಗಾಳಿ ಮತ್ತು ನೀರು ಒಂದೇ ಕಡೆ, ಒಂದೇ ಕಾಲಕ್ಕೆ, ಒಂದೇ ಹದದಲ್ಲಿ ಕೂಡಬೇಕು. ನಮ್ಮ ಗಾಳಿಯ ಕಾಲ ಜೂನ್‌ನಿಂದ ಸೆಪ್ಟೆಂಬರ್. ಆಗ ಪಶ್ಚಿಮ ಕರಾವಳಿಯ ಸಮುದ್ರ ಕೆರಳಿರುತ್ತೆ. ಒಳನಾಡಿನಲ್ಲಿ ಗುಡ್ಡ, ಗಿಡ ದಾಟಿ ಬರುವ ಗಾಳಿ ಕೆರೆಯ ಮೇಲೆ ಮುರಿದು ಮುರಿದು ಬೀಳುತ್ತೆ. ರಾಮೇಶ್ವರದ ಕಡೆ ಮಾತ್ರ ನೈಋತ್ಯ ಮಾರುತಕ್ಕೊಂದು, ಚಳಿಗಾಲದ ಈಶಾನ್ಯ ಗಾಳಿಗೊಂದು ಅಂತ ಎರಡು ಹಂಗಾಮು ಸಿಗುತ್ತವೆ, ಕೈಟ್ ಕಲಿಯುವವರು ಅಲ್ಲಿಗೇ ಹೋಗ್ತಾರೆ. ಭಾರತದವರು ಈ ಆಟದಲ್ಲಿ ಹಿಂದಿಲ್ಲ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಎಬಾದ್ ಅಲಿ ವಿಂಡ್‌ಸರ್ಫಿಂಗ್‌ನಲ್ಲಿ ಕಂಚು ತಂದರು. ಹುಬ್ಬಳ್ಳಿಯಿಂದ ಗೋವಾ ಎಷ್ಟು ದೂರ? ಮಕ್ಕಳಿಗೆ ಆಸಕ್ತಿ ಇದ್ದರೆ ಮೊದಲು ಅಲ್ಲಿ ಒಮ್ಮೆ ಹಲಗೆ ಮೇಲೆ ನಿಲ್ಲಿಸಿ ನೋಡಿ.

ಲ್ಯಾನ್ಸಲಿನ್‌ಗೇ ಹೋಗ್ತೀರಿ ಅಂದರೆ ಒಂದೇ ಮಾತು. ಬೆಳಗ್ಗೆ ಹೋಗಿ ಸಮುದ್ರ ಸಪಾಟಾಗಿದೆ ಅಂತ ಬೇಸರಪಟ್ಟು ವಾಪಸ್ ಬರಬೇಡಿ. ಟೋಪಿ, ನೀರಿನ ಬಾಟಲಿ ಹಿಡ್ಕೊಂಡು ಮರಳ ಮೇಲೆ ಕೂತು ದಕ್ಷಿಣದ ಕಡೆ ನೋಡ್ತಾ ಇರಿ, ಆ ಕಪ್ಪು ಗೆರೆ ಕಾಣೋ ತನಕ.