ಮಾಗಡಿ ಕೆರೆಗೆ ಹೋದ ಕೂಡಲೇ ಹಕ್ಕಿಗಳು ಹಾರಿಹೋದದ್ದಕ್ಕೆ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ನೀವೆಲ್ಲ ಹೋದ ಕೂಡಲೇ ಹಕ್ಕಿಗಳು ಯಾಕೆ ಹಾರಿಹೋದವು ಅಂತ ಕೇಳಿದ್ದೀರಿ. ಬಹುಶಃ ಡ್ರೋನೇ ಕಾರಣ. ನೀವು ಅದನ್ನು ಹಾರಿಸಿದ ಕೂಡಲೇ ಪಟ್ಟೆ ತಲೆ ಹೆಬ್ಬಾತುಗಳೆಲ್ಲ ಎದ್ದವು ಅಂದಿದ್ದೀರಿ, ಅಲ್ವಾ? ಮೇಲಿಂದ ಬರುವ ಡ್ರೋನ್ ಅವಕ್ಕೆ ಹದ್ದು ಬಂದಂತೆ. ನಿಮ್ಮ ಗುಂಪು ನೀರಿನ ಅಂಚಿಗೆ ಇಳಿದದ್ದೂ ಅದಕ್ಕೆ ಸೇರಿರಬಹುದು. ಹಿಮಾಲಯ ದಾಟಿ ಬಂದ ಹಕ್ಕಿಗಳು ಅವು. ಸುಮ್ನೆ ಎಬ್ಬಿಸಿದಷ್ಟೂ ವಾಪಸ್ ಹಾರಲು ಕೂಡಿಟ್ಟ ಕೊಬ್ಬು ಕರಗುತ್ತದೆ. ಈ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿದ್ದೇ ಇಂಥ ಹಕ್ಕಿಗಳಿಂದ.

ಈ ಸಲ ಡ್ರೋನ್ ಮನೆಯಲ್ಲೇ ಬಿಡಿ. ಎಲ್ಲಿ ನಿಲ್ಲಬೇಕು ಅಂತ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಗಾಡಿ ದೂರ ನಿಲ್ಲಿಸಿ, ನಾಲ್ಕೈದು ಜನರ ಗುಂಪಾಗಿ ನಡೆದು ಹೋಗಿ, ಬೈನಾಕ್ಯುಲರ್‌ನಲ್ಲಿ ನೋಡಿ. ಹಕ್ಕಿಗಳು ಒಟ್ಟಿಗೆ ಕತ್ತೆತ್ತಿದರೆ ಅಲ್ಲೇ ನಿಂತು ಮೆಲ್ಲಗೆ ಹಿಂದೆ ಸರಿಯಿರಿ. ಫೋಟೊಗಾಗಿ ರೈತರ ಹೊಲಕ್ಕೆ ಮಾತ್ರ ಇಳಿಯಬೇಡಿ.