ಮುರಿದ ಪ್ಲೇಟು, ಕೂಡದ ತೊಡೆಮೂಳೆ

ಪ್ರಶ್ನೆ: ನಮ್ಮ ತಂದೆಯವರಿಗೆ 52 ವರ್ಷ, ಕೃಷಿಕರು. ಏಳು ತಿಂಗಳ ಹಿಂದೆ ಬೈಕಿನಿಂದ ಬಿದ್ದು ಬಲ ತೊಡೆಯ ಮೂಳೆ ನಡುಭಾಗದಲ್ಲಿ ಮೂರು ತುಂಡಾಗಿತ್ತು. ಆಪರೇಷನ್ ಮಾಡಿ ಉದ್ದನೆಯ ಸ್ಟೀಲ್ ಪ್ಲೇಟ್ ಕೂರಿಸಿದ್ದರು. ಎರಡೂವರೆ ತಿಂಗಳಿಗೆ ವಾಕರ್ ಬಿಟ್ಟು ನಡೆಯತೊಡಗಿದರು. ನೋವು ಮಾತ್ರ ಪೂರ್ತಿ ಹೋಗಿರಲಿಲ್ಲ. ಹೋದ ವಾರ ಕೊಟ್ಟಿಗೆಯಲ್ಲಿ ಸುಮ್ಮನೆ ತಿರುಗಿ ನಿಲ್ಲುವಾಗ ಲಟಕ್ಕೆಂದು ಸದ್ದಾಗಿ ಕುಸಿದರು. ಎಕ್ಸ್-ರೇ ತೆಗೆಸಿದರೆ ಪ್ಲೇಟ್ ಎರಡು ತುಂಡಾಗಿದೆ. ಹೊರಗಿನಿಂದ ಯಾವ ಪೆಟ್ಟೂ ಬೀಳದೆ ಮುರಿಯಬೇಕಾದರೆ ಹಾಕಿದ ಪ್ಲೇಟೇ ಕಳಪೆಯದ್ದೇ? ಇದಕ್ಕಿಂತ ಗಟ್ಟಿಯಾದದ್ದನ್ನು ಹಾಕಿಸಿದರೆ ಸಾಕೇ? ಇನ್ನೊಂದು ಆಪರೇಷನ್ ಬೇಡ, ನಾಟಿ ಕಟ್ಟು ಹಾಕಿಸೋಣ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ತಂದೆಯವರು ಬೀಡಿ ಸೇದುತ್ತಾರೆ.
ಓದುಗರು, ಹಾಸನ ಜಿಲ್ಲೆ

ಉತ್ತರ: ಮೊದಲು ತುರ್ತಿನ ಮಾತು. ಆ ಕಾಲಿನ ಮೇಲೆ ತಂದೆಯವರು ಈಗ ಸ್ವಲ್ಪವೂ ಭಾರ ಹಾಕಬಾರದು. ಕಾಲನ್ನು ಅಲುಗಾಡದಂತೆ ಇರಿಸಿ, ಮೂಳೆ ತಜ್ಞರಿರುವ ಆಸ್ಪತ್ರೆಗೆ ತಡಮಾಡದೆ ಕರೆದುಕೊಂಡು ಹೋಗಿ. ನಾಟಿ ಕಟ್ಟಿನ ಯೋಚನೆಯನ್ನು ದಯವಿಟ್ಟು ಬಿಡಿ. ತೊಡೆಯ ಮೂಳೆ ದಪ್ಪ ಮಾಂಸಖಂಡಗಳ ನಡುವೆ ಆಳದಲ್ಲಿರುವುದರಿಂದ ಹೊರಗಿನಿಂದ ಎಷ್ಟೇ ಬಿಗಿಯಾಗಿ ಕಟ್ಟಿದರೂ ಅದು ಹಿಡಿತಕ್ಕೆ ಸಿಗುವುದಿಲ್ಲ. ಅದರ ಮೇಲೆ, ಮುರಿದ ಲೋಹದ ಅಂಚುಗಳು ಒಳಗೇ ಇರುವಾಗ ಎಳೆಯುವುದು, ಎಣ್ಣೆ ಹಾಕಿ ನೀವುವುದು ರಕ್ತನಾಳಕ್ಕೇ ಅಪಾಯ ತರಬಹುದು.

ಪ್ಲೇಟ್ ಕಳಪೆಯದ್ದೇ ಎಂಬುದು ಸಹಜವಾಗಿ ಮೂಡುವ ಪ್ರಶ್ನೆ. ತಯಾರಿಕೆಯ ದೋಷ ಇರಲಾರದೆಂದು ನಾನು ಹೇಳುವುದಿಲ್ಲ, ಆದರೆ ಹೆಚ್ಚಿನ ಸಂದರ್ಭಗಳಲ್ಲಿ ಪ್ಲೇಟ್ ಮುರಿಯುವುದು ಲೋಹ ದಣಿದುದರಿಂದ. ಕಟ್ಟುತಂತಿಯನ್ನು ಒಂದೇ ಸಲಕ್ಕೆ ಎಳೆದು ತುಂಡು ಮಾಡಲು ನಮ್ಮಿಂದಾಗದು. ಅದೇ ತಂತಿಯನ್ನು ಹತ್ತಾರು ಸಲ ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ತಾನಾಗಿ ತುಂಡಾಗುತ್ತದೆ. ನಿಮ್ಮ ತಂದೆಯವರು ದಿನಕ್ಕೆ ಮೂರು ಸಾವಿರ ಹೆಜ್ಜೆ ನಡೆದಿದ್ದರೂ ಬಲಗಾಲಿನ ಪಾಲಿಗೆ 1,500 ಹೆಜ್ಜೆ, ನಾಲ್ಕು ತಿಂಗಳಲ್ಲಿ ಸುಮಾರು 1,80,000 ಸಲ ಆ ಪ್ಲೇಟ್ ಕಣ್ಣಿಗೆ ಕಾಣದಷ್ಟು ಬಗ್ಗಿ ನೆಟ್ಟಗಾಗಿದೆ. ಪ್ಲೇಟನ್ನು ಸಾಮಾನ್ಯವಾಗಿ ತೊಡೆಮೂಳೆಯ ಹೊರಮಗ್ಗುಲಿಗೆ ಕೂರಿಸುತ್ತಾರೆ. ದೇಹದ ಭಾರವಾದರೋ ಒಳಮಗ್ಗುಲ ಕಡೆಯಿಂದ ಇಳಿಯುತ್ತದೆ. ಒಳಮಗ್ಗುಲಲ್ಲಿ ಮೂಳೆಯ ತುಂಡುಗಳು ಒಂದಕ್ಕೊಂದು ಆತುಕೊಂಡಿದ್ದರೆ ಭಾರವನ್ನು ಅವೂ ಹಂಚಿಕೊಳ್ಳುತ್ತವೆ. ಅಲ್ಲಿ ಸಂದು ಉಳಿದಿದ್ದರೆ ಪ್ರತಿ ಹೆಜ್ಜೆಯ ಭಾರವೂ ಪ್ಲೇಟಿನ ಮೇಲೆಯೇ ಬೀಳುತ್ತದೆ. ನಿಮ್ಮಲ್ಲಿರುವ ಎಕ್ಸ್-ರೇ ನೋಡಿ: ಬಿರುಕು ಬಹುಮಟ್ಟಿಗೆ ಮುರಿತದ ಎದುರಿಗಿರುವ, ಸ್ಕ್ರೂ ಹಾಕದೆ ಬಿಟ್ಟ ರಂಧ್ರದ ಮೂಲಕವೇ ಹಾದುಹೋಗಿರುತ್ತದೆ, ಏಕೆಂದರೆ ಲೋಹ ಅಲ್ಲಿಯೇ ತೆಳುವು.

ಹೀಗಾಗಿ ಪ್ಲೇಟ್ ಹಾಕಿದ ದಿನದಿಂದಲೇ ಮೂಳೆ ಕೂಡುವುದಕ್ಕೂ ಲೋಹ ದಣಿಯುವುದಕ್ಕೂ ಒಂದು ಪಂದ್ಯ ನಡೆದಿರುತ್ತದೆ. ವಯಸ್ಕರ ತೊಡೆಮೂಳೆ ಕೂಡಲು ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಬೇಕು. ಕೂಡಿದ ಮೇಲೆ ಭಾರ ಹೊರುವುದು ಮೂಳೆಯೇ, ಪ್ಲೇಟಿಗೆ ಹೆಚ್ಚು ಕೆಲಸವಿರುವುದಿಲ್ಲ. ಏಳನೆಯ ತಿಂಗಳಲ್ಲಿ ಪ್ಲೇಟ್ ಮುರಿದಿದೆಯೆಂದರೆ ಮೂಳೆ ಇನ್ನೂ ಕೂಡಿರಲಿಲ್ಲ ಎಂದೇ ಅರ್ಥ. ಹೆಜ್ಜೆ ಹಾಕಿದಾಗಲೆಲ್ಲ ಕಾಣಿಸುತ್ತಿದ್ದ ಆ ನೋವು ಹೇಳುತ್ತಿದ್ದದ್ದೂ ಇದನ್ನೇ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ ಪ್ಲೇಟ್ ಏಕೆ ಮುರಿಯಿತು ಎಂಬುದಕ್ಕಿಂತ ಮೂಳೆ ಏಕೆ ಕೂಡಲಿಲ್ಲ ಎಂಬುದು. ಅದಕ್ಕೆ ಉತ್ತರ ಸಿಗುವ ಮುನ್ನ ಹಾಕಿದ ಎರಡನೆಯ ಪ್ಲೇಟ್, ಅದೆಷ್ಟೇ ದಪ್ಪನೆಯದಿರಲಿ, ಮೊದಲಿನದರ ದಾರಿಯನ್ನೇ ಹಿಡಿಯಬಹುದು.

ಕಾರಣಗಳಲ್ಲಿ ಮೊದಲು ತಳ್ಳಿಹಾಕಬೇಕಾದದ್ದು ಸೋಂಕನ್ನು. ಗಾಯ ಒಣಗಿದೆ, ಜ್ವರವಿಲ್ಲ ಎಂದ ಮಾತ್ರಕ್ಕೆ ಸೋಂಕಿಲ್ಲವೆಂದು ಹೇಳಲಾಗದು. ಲೋಹದ ಮೇಲ್ಮೈಗೆ ಅಂಟಿಕೊಂಡ ರೋಗಾಣುಗಳು ತಿಂಗಳುಗಟ್ಟಲೆ ಸದ್ದಿಲ್ಲದೆ ಇರಬಲ್ಲವು. ಇಎಸ್ಆರ್, ಸಿಆರ್‌ಪಿ ಎಂಬ, ದೇಹದಲ್ಲಿನ ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳನ್ನು ಮಾಡಿಸುತ್ತಾರೆ, ಆಪರೇಷನ್ ವೇಳೆ ಮುರಿತದ ಸುತ್ತಲಿನ ಹಲವು ಕಡೆಗಳಿಂದ ಅಂಗಾಂಶ ತೆಗೆದು, ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು ಕಲ್ಚರ್‌ಗೆ ಕಳುಹಿಸುತ್ತಾರೆ. ಅದಕ್ಕೆ ಮುನ್ನ ನೀವಾಗಿಯೇ ಆಂಟಿಬಯಾಟಿಕ್ ಕೊಡಿಸಿಬಿಟ್ಟರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ನಿಜ ಮರೆಯಾಗಬಹುದು.

ಬೀಡಿಯ ವಿಷಯವನ್ನು ನೀವು ಪತ್ರದ ಕೊನೆಗೆ ಬರೆದಿದ್ದೀರಿ, ನಾನಾಗಿದ್ದರೆ ಮೊದಲ ಸಾಲಿಗೇ ತರುತ್ತಿದ್ದೆ. ತಂಬಾಕು ಮುರಿದ ಜಾಗಕ್ಕೆ ಹೋಗುವ ರಕ್ತವನ್ನು ತಗ್ಗಿಸುತ್ತದೆ, ರಕ್ತವಿಲ್ಲದೆ ಹೊಸ ಮೂಳೆ ಬೆಳೆಯುವುದಿಲ್ಲ. ಇದರೊಂದಿಗೆ ಸಕ್ಕರೆ ಕಾಯಿಲೆ, ವಿಟಮಿನ್ ಡಿ ಕೊರತೆ ಇವೆಯೇ ಎಂದು ಪರೀಕ್ಷಿಸಬೇಕು. ನೋವಿನ ಮಾತ್ರೆಗಳಲ್ಲಿ ಕೆಲವು ಮೂಳೆ ಕೂಡುವುದನ್ನು ನಿಧಾನಗೊಳಿಸಬಹುದಾದ್ದರಿಂದ, ಅಂಗಡಿಯಿಂದ ತಂದು ನುಂಗಿದ ಮಾತ್ರೆಗಳನ್ನೂ ವೈದ್ಯರಿಗೆ ಮುಚ್ಚಿಡದೆ ತಿಳಿಸಿ.

ಇನ್ನು ಶಸ್ತ್ರಚಿಕಿತ್ಸೆಯ ಕಡೆಯ ಕಾರಣಗಳು. ಇವನ್ನು ಮರೆಮಾಚುವುದು ನಮ್ಮ ವೃತ್ತಿಗೆ ಶೋಭೆಯಲ್ಲ. ಮುರಿತದ ಉದ್ದಕ್ಕೆ ತಕ್ಕಷ್ಟು ಉದ್ದದ ಪ್ಲೇಟ್ ಇಲ್ಲದಿದ್ದರೆ, ತುಂಡುಗಳ ನಡುವೆ ಸಂದು ಉಳಿದಿದ್ದರೆ, ಮೂಳೆಗೆ ಅಂಟಿದ ಮಾಂಸವನ್ನು ಅತಿಯಾಗಿ ಬಿಡಿಸಿ ರಕ್ತಸಂಚಾರ ಕೆಡಿಸಿದ್ದರೆ ಮೂಳೆ ಕೂಡುವುದು ಕಷ್ಟ. ಪುಡಿಯಾದ ಮುರಿತಗಳಲ್ಲಿ ಮುರಿತಕ್ಕೆ ತೀರ ಹತ್ತಿರದಲ್ಲೇ ಸ್ಕ್ರೂಗಳನ್ನು ತುಂಬುವುದೂ ತಪ್ಪು; ಆಗ ಬಾಗುವ ಒತ್ತಡವೆಲ್ಲ ಒಂದೇ ಕಿರಿದಾದ ಜಾಗದಲ್ಲಿ ಸೇರಿಬಿಡುತ್ತದೆ. ಹೆಚ್ಚು ಸ್ಕ್ರೂ ಹಾಕಿದಷ್ಟೂ ಗಟ್ಟಿ ಎಂಬ ಬಡಗಿಯ ಲೆಕ್ಕ ಮೂಳೆಯ ವಿಷಯದಲ್ಲಿ ನಡೆಯುವುದಿಲ್ಲ. ಹಾಗೆಯೇ, ಮೂಳೆ ಕೂಡಿದೆಯೇ ಎಂದು ಎಕ್ಸ್-ರೇಯಲ್ಲಿ ಖಚಿತಪಡಿಸಿಕೊಳ್ಳದೆ ವಾಕರ್ ಬಿಟ್ಟದ್ದೂ ಒಂದು ಕಾರಣವಾಗಿರಬಹುದು. ಆಸ್ಪತ್ರೆಯವರು ಬಿಡಿ ಎಂದರೋ ತಂದೆಯವರೇ ಬಿಟ್ಟರೋ, ನಿಮ್ಮ ಪತ್ರದಲ್ಲಿ ಸ್ಪಷ್ಟವಿಲ್ಲ.

ಸೋಂಕಿಲ್ಲವೆಂದಾದರೆ ಮುಂದಿನ ಚಿಕಿತ್ಸೆಯಲ್ಲಿ ಮುರಿದ ಪ್ಲೇಟು, ಸ್ಕ್ರೂಗಳನ್ನು ತೆಗೆದು, ಮೂಳೆಯ ನಡುವಿನ ಮಜ್ಜೆಯ ಕೊಳವೆಯೊಳಗೆ ಉದ್ದನೆಯ ನೇಲ್, ಅಂದರೆ ಜನರು ರಾಡ್ ಎನ್ನುವುದನ್ನು, ಹಾಕುವುದು ಸಾಮಾನ್ಯ ಕ್ರಮ. ಜರ್ಮನಿಯ ಗೆರ್ಹಾರ್ಡ್ ಕುಂಚರ್ ಅವರು 1939ರಲ್ಲಿ ಆರಂಭಿಸಿದ ಈ ವಿಧಾನ ಇಂದು ವಯಸ್ಕರ ತೊಡೆಮೂಳೆಯ ನಡುಭಾಗದ ಮುರಿತಕ್ಕೆ ಮೊದಲ ಆಯ್ಕೆಯಾಗಿದೆ. ನೇಲ್ ಮೂಳೆಯ ನಡುವೆಯೇ ಇರುವುದರಿಂದ ಪಕ್ಕದಲ್ಲಿರುವ ಪ್ಲೇಟಿನಷ್ಟು ಬಾಗುವ ಒತ್ತಡ ಅದರ ಮೇಲೆ ಬೀಳುವುದಿಲ್ಲ. ಕೊಳವೆಯನ್ನು ಕೊರೆದು ಅಗಲಗೊಳಿಸುವಾಗ ಉದುರುವ ಮೂಳೆಯ ಪುಡಿಯೇ ಸಂದಿನಲ್ಲಿ ಸೇರಿ ಗೊಬ್ಬರದಂತೆ ಕೆಲಸ ಮಾಡುತ್ತದೆ. ಅದು ಸಾಲದೆಂದು ಕಂಡರೆ ಸೊಂಟದ ಮೂಳೆಯಿಂದ ತೆಗೆದ ತುಣುಕುಗಳನ್ನು ನಾಟಿ ಮಾಡುತ್ತಾರೆ. ಮೊದಲ ಸಲ ನೇಲ್ ಬಿಟ್ಟು ಪ್ಲೇಟ್ ಏಕೆ ಆರಿಸಿದರೆಂದು ಕೇಳುವ ಹಕ್ಕು ನಿಮಗಿದೆ. ಕೊಳವೆ ತೀರ ಕಿರಿದಾಗಿದ್ದುದು, ಮುರಿತ ಕೀಲಿನವರೆಗೆ ಹಬ್ಬಿದ್ದುದು ಇಂಥ ಒಪ್ಪತಕ್ಕ ಕಾರಣಗಳೂ ಇರಬಹುದು. ಸೋಂಕಿದ್ದರೆ ಮಾತ್ರ ಚಿಕಿತ್ಸೆ ಎರಡು ಹಂತಗಳಲ್ಲಿ ನಡೆಯಬೇಕಾದೀತು: ಮೊದಲು ಲೋಹ ತೆಗೆದು ಶುದ್ಧಗೊಳಿಸಿ ಆಂಟಿಬಯಾಟಿಕ್ ಕೊಡುವುದು, ಮೂಳೆ ಜೋಡಿಸುವುದು ಆನಂತರ.

ತೆಗೆದ ಪ್ಲೇಟನ್ನು ಎಸೆಯದೆ ಇಡಲು ಆಸ್ಪತ್ರೆಯವರನ್ನು ಮೊದಲೇ ಕೇಳಿಕೊಳ್ಳಿ. ಹಿಂದಿನ ಆಪರೇಷನ್ನಿನ ಟಿಪ್ಪಣಿ, ಎಲ್ಲ ಎಕ್ಸ್-ರೇಗಳು ಮತ್ತು ಪ್ಲೇಟಿನ ಬ್ಯಾಚ್ ಸಂಖ್ಯೆಯಿರುವ ಸ್ಟಿಕ್ಕರನ್ನು ಒಂದೆಡೆ ಸೇರಿಸಿ. ಲೋಹದ ಗುಣಮಟ್ಟದ ಬಗ್ಗೆ ಆಮೇಲೂ ಸಂದೇಹ ಉಳಿದರೆ, ವೈದ್ಯಕೀಯ ಸಾಧನಗಳ ದೋಷ ದಾಖಲಿಸಿಕೊಳ್ಳಲೆಂದೇ ಭಾರತದಲ್ಲಿ 2015ರಿಂದ ಮೆಟೀರಿಯೊವಿಜಿಲೆನ್ಸ್ ಎಂಬ ಕಾರ್ಯಕ್ರಮವಿದೆ. ಅದಕ್ಕೆ ವರದಿ ಮಾಡಬಹುದು.

ಪ್ರಶ್ನೆ: ನಮ್ಮ ತಾಯಿಗೆ 71 ವರ್ಷ. ಬಚ್ಚಲಲ್ಲಿ ಜಾರಿ ಬಿದ್ದು ಮಂಡಿಯ ಮೇಲ್ಭಾಗದಲ್ಲಿ ತೊಡೆಮೂಳೆ ಮುರಿದಿತ್ತು. ಪ್ಲೇಟ್ ಹಾಕಿ ಐದು ವಾರವಾಗಿದೆ. ಅವರು ಇನ್ನೂ ನಡೆದೇ ಇಲ್ಲ, ಆದರೂ ಸ್ಕ್ರೂಗಳು ಸಡಿಲಗೊಂಡು ಹೊರಬರುತ್ತಿವೆ ಎನ್ನುತ್ತಾರೆ. ಇದು ಹೇಗೆ?
ಓದುಗರು, ಧಾರವಾಡ

ಉತ್ತರ: ಇಲ್ಲಿ ಸೋತಿರುವುದು ಬಹುಶಃ ಲೋಹವಲ್ಲ, ಅದನ್ನು ಹಿಡಿದಿದ್ದ ಮೂಳೆ. ಮುಟ್ಟು ನಿಂತ ಮೇಲೆ ಮೂಳೆಯ ಸಾಂದ್ರತೆ ಇಳಿಯುತ್ತದೆ, ಮಂಡಿಯ ಹತ್ತಿರದ ಮೂಳೆಯಂತೂ ಮೊದಲೇ ಸ್ಪಂಜಿನಂಥದ್ದು. ಟೊಳ್ಳು ಗೋಡೆಗೆ ಹೊಡೆದ ಮೊಳೆಯಂತೆ ಸ್ಕ್ರೂ ಅಲ್ಲಿ ಸಡಿಲಾಗುತ್ತದೆ. ಮಲಗಿದ್ದಾಗಲೂ ತೊಡೆಯ ಸ್ನಾಯುಗಳು ಮೂಳೆಯನ್ನು ಎಳೆಯುತ್ತಲೇ ಇರುತ್ತವೆಂಬುದನ್ನು ಮರೆಯಬೇಡಿ. ಇಷ್ಟು ಬೇಗ ಸಡಿಲವಾದಾಗಲೂ ಸೋಂಕಿನ ಪರೀಕ್ಷೆ ಆಗಲೇಬೇಕು. ಸ್ಕ್ರೂಗಳು ಪ್ಲೇಟಿಗೇ ಬೀಗ ಹಾಕಿಕೊಳ್ಳುವ ಲಾಕಿಂಗ್ ಪ್ಲೇಟ್ ಇಂಥ ಮೂಳೆಗೆ ಮೇಲು. ಕೆಲವೊಮ್ಮೆ ಒಳಮಗ್ಗುಲಿಗೂ ಒಂದು ಪ್ಲೇಟ್ ಅಥವಾ ಜೊತೆಗೆ ನೇಲ್ ಬೇಕಾಗುತ್ತದೆ. ಮೂಳೆ ಸವೆತದ ಚಿಕಿತ್ಸೆಯನ್ನೂ ಇದರ ಜೊತೆಗೇ ಆರಂಭಿಸುವಂತೆ ಕೇಳಿ. ಆಪರೇಷನ್ನಿನ ಗಡಿಬಿಡಿಯಲ್ಲಿ ಅದು ಮರೆತೇಹೋಗುವುದನ್ನು ಹಲವು ಬಾರಿ ಕಂಡಿದ್ದೇನೆ.

ಪ್ರಶ್ನೆ: ನನ್ನ ತೊಡೆಮೂಳೆ ಕೂಡಿ ಎರಡು ವರ್ಷವಾಯಿತು, ನೋವಿಲ್ಲ. ಪ್ಲೇಟ್ ಒಳಗೇ ಬಿಟ್ಟರೆ ಮುಂದೆ ಮುರಿಯುತ್ತದೆಯೇ? ತೆಗೆಸಿಬಿಡಲೇ?
ಓದುಗರು, ಶಿವಮೊಗ್ಗ

ಉತ್ತರ: ಮೂಳೆ ಪೂರ್ತಿ ಕೂಡಿದ್ದರೆ ಪ್ಲೇಟ್ ಮುರಿಯುವ ಸಾಧ್ಯತೆ ತೀರ ಕಡಿಮೆ, ಮುರಿದರೂ ಕಾಲು ನಿಲ್ಲುವುದು ಮೂಳೆಯ ಬಲದಿಂದ. ನೋವಾಗಲಿ ಸೋಂಕಾಗಲಿ ಇಲ್ಲದಿರುವಾಗ ತೆಗೆಸಲೇಬೇಕಾದ ಅಗತ್ಯವಿಲ್ಲ. ತೆಗೆಸುವುದಾದರೆ ಸ್ಕ್ರೂಗಳಿದ್ದ ರಂಧ್ರಗಳು ತುಂಬಿಕೊಳ್ಳುವವರೆಗೆ ಮೂಳೆ ಅಲ್ಲಿ ದುರ್ಬಲವಾಗಿರುವುದರಿಂದ ಕೆಲವು ವಾರ ಊರುಗೋಲು ಹಿಡಿಯಬೇಕು. ಓಟ, ಜಿಗಿತ, ಭಾರ ಹೊರುವ ಕೆಲಸಗಳನ್ನು ವೈದ್ಯರು ಎಕ್ಸ್-ರೇ ನೋಡಿ ಒಪ್ಪಿಗೆ ಕೊಡುವವರೆಗೆ ಮುಂದೂಡಬೇಕು.