ವೈರಸ್ಸಿಗೂ ವೈರಕ್ಕೂ ನಂಟಿದೆಯೇ?

ಪ್ರಶ್ನೆ: ಕನ್ನಡದಲ್ಲಿ ವೈರಾಣು ಎನ್ನುತ್ತೇವೆ. ‘ವೈರಸ್’ ಎಂಬುದು ಸಂಸ್ಕೃತದ ‘ವೈರ’ದಿಂದಲೇ ಹುಟ್ಟಿತು ಎಂದು ಹೇಳುವವರಿದ್ದಾರೆ. ಸರಿಯೇ?

ಉತ್ತರ: ಸರಿಯಲ್ಲ. ವೈರಸ್ಸಿಗೆ ಸಂಸ್ಕೃತದಲ್ಲಿ ನೆಂಟರಿರುವುದು ನಿಜ, ಆದರೆ ಅದು ‘ವಿಷ’. ಲ್ಯಾಟಿನ್ನಿನ ‘ವೀರುಸ್’ಗೆ ವಿಷ, ಲೋಳೆಯಂಥ ದ್ರವ, ಘಾಟು ವಾಸನೆ ಎಂಬ ಅರ್ಥಗಳಿದ್ದವು. ಒಂದು ಮತ್ತೊಂದರಿಂದ ಹುಟ್ಟಿದ್ದಲ್ಲ; ಎರಡೂ ಒಂದೇ ಮೂಲದ ಕವಲುಗಳು. ಗ್ರೀಕಿನ ‘ಇಓಸ್’ ಮೂರನೆಯದು.

‘ವಿಷ’ದ ಷಕಾರವಿರುವಲ್ಲಿ ‘ವೀರುಸ್’ನಲ್ಲಿ ರಕಾರ ಬಂದದ್ದು ಹೇಗೆ? ಮೂಲದಲ್ಲಿ ಎರಡು ಸ್ವರಗಳ ನಡುವೆ ಇದ್ದ ಸಕಾರ ಹಳೆಯ ಲ್ಯಾಟಿನ್ನಿನಲ್ಲಿ ರಕಾರವಾಯಿತು. ಅದೇ ಸಕಾರ ಸಂಸ್ಕೃತದಲ್ಲಿ ಇ, ಉ ಸ್ವರಗಳ ನಂತರ ಬಂದಾಗ ಷಕಾರವಾಯಿತು. ಸೊಸೆ ಎಂಬರ್ಥದ ‘ಸ್ನುಷಾ’ ನೋಡಿ: ಲ್ಯಾಟಿನ್ನಿನಲ್ಲಿ ಅದು ‘ನುರುಸ್’. ಅಲ್ಲೂ ಷಾ ಇದ್ದ ಜಾಗದಲ್ಲಿ ರು ಕೂತಿದೆ. ಪದದ ಕೊನೆಯ ಸಕಾರ ಸ್ವರಗಳ ನಡುವೆ ಇಲ್ಲದ್ದರಿಂದ ಹಾಗೇ ಉಳಿಯಿತು.

‘ವೈರ’ದ ದಾರಿಯೇ ಬೇರೆ. ಅದು ‘ವೀರ’ದಿಂದ ಬಂದದ್ದು. ವೀರದ ಲ್ಯಾಟಿನ್ ನೆಂಟ ‘ವಿರ್’, ಅಂದರೆ ಗಂಡಸು. ಹಿಂದಿ, ಮರಾಠಿಗಳ ‘ವಿಷಾಣು’ ಮೂಲಕ್ಕೆ ಹತ್ತಿರವಾದರೂ, ದನಿಯನ್ನೂ ಹಗೆತನದ ಅರ್ಥವನ್ನೂ ಒಟ್ಟಿಗೆ ಹಿಡಿದ ನಮ್ಮ ‘ವೈರಾಣು’ ಬಲು ಚೆಂದದ ಪದ, ಬಿಡಬೇಕಾಗಿಲ್ಲ. ಅಂದಹಾಗೆ, ಟೈಫಾಯ್ಡನ್ನು ಹೇಳುವ ‘ವಿಷಮಶೀತಜ್ವರ’ದಲ್ಲಿ ವಿಷವೂ ಇಲ್ಲ, ವೈರಸ್ಸೂ ಇಲ್ಲ. ಅದು ವಿ+ಸಮ; ರೋಗ ತರುವುದು ಬ್ಯಾಕ್ಟೀರಿಯಾ.

ಪ್ರಶ್ನೆ: ವಿಷದ ಹೆಸರು ರೋಗಾಣುವಿಗೆ ಅಂಟಿದ್ದು ಹೇಗೆ? ಬಹುವಚನದಲ್ಲಿ ಲ್ಯಾಟಿನ್ ರೀತಿಯಂತೆ ‘ವೈರೈ’ ಎನ್ನಬೇಕೇ?

ಉತ್ತರ: ಕ್ರಿ.ಶ. 1ನೇ ಶತಮಾನದ ರೋಮನ್ ವೈದ್ಯಗ್ರಂಥಕಾರ ಸೆಲ್ಸಸ್, ಹುಚ್ಚುನಾಯಿ ಕಚ್ಚಿದ ಗಾಯದಿಂದ ‘ವೀರುಸ್’ ಹೀರಿ ತೆಗೆಯಬೇಕು ಎಂದು ಬರೆದ. 1798ರಲ್ಲಿ ಇಂಗ್ಲಿಷ್ ವೈದ್ಯ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವಿನಲ್ಲಿದ್ದ ಸೋಂಕಿನ ಅಂಶಕ್ಕೂ ಇದೇ ಪದ ಬಳಸಿದ. ಆಗೆಲ್ಲ ಅದು ಸೋಂಕು ತರುವ ಯಾವುದೋ ನಂಜು, ಅಷ್ಟೇ.

ಅರ್ಥ ಬಿಗಿಯಾದದ್ದು ಹೊಗೆಸೊಪ್ಪಿನ ಎಲೆಯಿಂದ. ಎಲೆಯ ಮೇಲೆ ತಿಳಿಹಸಿರು, ಕಡುಹಸಿರು ಮಚ್ಚೆ ಬರಿಸುವ ಮೊಸಾಯಿಕ್ ರೋಗ ಅದು. 1892ರಲ್ಲಿ ರಷ್ಯಾದ ವಿಜ್ಞಾನಿ ಇವಾನೊವ್‌ಸ್ಕಿ ಎಲೆಯ ರಸವನ್ನು ಬ್ಯಾಕ್ಟೀರಿಯಾ ತಡೆಯುವ ಪಿಂಗಾಣಿ ಸೋಸುಕದಲ್ಲಿ ಸೋಸಿದರೂ ರಸ ರೋಗ ಹರಡಿತು. ಸೋಸಿಬಂದದ್ದು ಬರೀ ವಿಷವಿರಬಹುದಲ್ಲ? ಹಾಗಿದ್ದರೆ ಗಿಡದಿಂದ ಗಿಡಕ್ಕೆ ದಾಟಿಸಿದಂತೆಲ್ಲ ಅದು ತೆಳುವಾಗಿ ಮುಗಿದುಹೋಗಬೇಕಿತ್ತು. ಮುಗಿಯಲಿಲ್ಲ, ಅಂದರೆ ಗಿಡದೊಳಗೆ ಅದು ಹೆಚ್ಚುತ್ತಿತ್ತು. 1898ರಲ್ಲಿ ಇದನ್ನು ತೋರಿಸಿದ ಡಚ್ ವಿಜ್ಞಾನಿ ಬೈಯರಿಂಕ್ ಅದನ್ನು ವೈರಸ್ ಎಂದೇ ಕರೆದ. ಆ ವೈರಸ್ಸಿನ ಕಣ ಸುಮಾರು 300 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು) ಉದ್ದ, 18 ನ್ಯಾನೊಮೀಟರ್ ದಪ್ಪದ ಕಡ್ಡಿ.

ಇನ್ನು ಬಹುವಚನ. ಲ್ಯಾಟಿನ್ನಿನಲ್ಲಿ ‘ವೀರುಸ್’ ನೀರು, ಎಣ್ಣೆಗಳಂತೆ ಎಣಿಸದ ವಸ್ತು. ಪ್ರಾಚೀನ ಬರಹಗಳಲ್ಲಿ ಅದರ ಬಹುವಚನ ಸಿಗುವುದಿಲ್ಲ. ‘ವೈರೈ’ಯನ್ನು ಹೋಲುವ ಲ್ಯಾಟಿನ್ನಿನ ‘ವಿರಿ’ ಎಂದರೆ ಗಂಡಸರು. ಆದ್ದರಿಂದ ‘ವೈರೈ’ ಬೇಡ, ‘ವೈರಸ್‌ಗಳು’ ಎಂದೇ ಬರೆಯಿರಿ.